ಹಸಿ ಕಿವಿ

"ಇನ್ನೊಂದು ಸಲ ತೋರಿಸಮ್ಮ. ಬಾಗಿಲು ತೆಗೆದೆ. ಆಮೇಲೆ?"

ಇನ್‌ಸ್ಪೆಕ್ಟರ್ ಕೇಳಿದ್ದು ನನ್ನ ತಂಗಿಯನ್ನು. ಅವಳು ರೆಕಾರ್ಡಿಂಗ್ ಕೋಣೆಯ ಬಾಗಿಲ ಹಿಡಿಕೆಯ ಮೇಲೆ ಕೈ ಇಟ್ಟು ನಿಂತಿದ್ದಳು. ವರ್ಷಗಟ್ಟಲೆ ದಿನಕ್ಕೆ ಹತ್ತು ಸಲ ತಿರುಗಿಸಿದ ಹಿಡಿಕೆ. ಈಗ ಒಲೆಯಿಂದ ಇಳಿಸಿದ ಪಾತ್ರೆಯೇನೋ ಎಂಬಂತೆ ಬೆರಳ ತುದಿಯಲ್ಲಷ್ಟೇ ಮುಟ್ಟಿದ್ದಳು.

"ತೆಗೆದೆ. ಮೇಷ್ಟ್ರು ಕುರ್ಚೀಲೇ ಇದ್ರು. ತಲೆ ಮೇಜಿನ ಮೇಲಿತ್ತು. ನಿದ್ದೆ ಬಂದಿರಬೇಕು ಅಂದ್ಕೊಂಡೆ."

"ನಿದ್ದೆ," ಎಂದರು ಇನ್‌ಸ್ಪೆಕ್ಟರ್. ಪಕ್ಕದಲ್ಲಿದ್ದ ಪೇದೆ ಆ ಒಂದು ಪದವನ್ನೂ ಬಿಡದೆ ಬರೆದುಕೊಂಡ.

ನಮ್ಮ ಭಾಷಾ ಪಾಠಗಳಿಗೆಲ್ಲ ದನಿಯಾಗಿದ್ದ ಮೇಷ್ಟ್ರು ಇದೇ ಕೋಣೆಯಲ್ಲಿ ಹೆಣವಾಗಿ ಸಿಕ್ಕಿ ಇನ್ನೂ ವಾರ ತುಂಬಿರಲಿಲ್ಲ. ತಲೆಯ ಹಿಂದೆ ಮೈಕ್ ಸ್ಟ್ಯಾಂಡಿನ ಪೆಟ್ಟು, ಸ್ಟ್ಯಾಂಡಿನ ಮೇಲೆ ನನ್ನ ತಂಗಿಯ ಬೆರಳ ಗುರುತು.

ಆ ಸ್ಟ್ಯಾಂಡನ್ನು ದಿನಾ ಎತ್ತಿಡುವವಳು ಅವಳೇ. ನನ್ನ ಅಡುಗೆಮನೆಯ ಸೌಟಿನ ಮೇಲೆ ನನ್ನ ಬೆರಳಲ್ಲದೆ ಇನ್ಯಾರ ಬೆರಳಿರುತ್ತದೆ? ಈ ಮಾತನ್ನು ಠಾಣೆಯಲ್ಲಿ ಹೇಳಿದ್ದೆ, ಫೋನಿನಲ್ಲಿ ಹೇಳಿದ್ದೆ, ಜೀಪಿನ ಕಿಟಕಿಗೆ ಬಾಯಿಟ್ಟು ಹೇಳಿದ್ದೆ. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ. "ನಿಮ್ಮ ಯಜಮಾನ್ರು ಎಲ್ಲಿ ಮೇಡಂ? ಅವರ ಹತ್ರ ಮಾತಾಡ್ತೀನಿ," ಎನ್ನುವುದೇ ಪ್ರತಿ ಸಲದ ಉತ್ತರ.

ಯಜಮಾನರು ಇಲ್ಲೇ ಇದ್ದರು. ಕೋಣೆಯ ಹೊರಗೆ, ಸ್ವಾಗತದ ಮೇಜಿನ ಎದುರಿನ ಸೋಫಾದಲ್ಲಿ, ಪತ್ರಿಕೆ ಬಿಡಿಸಿಕೊಂಡು ಕೂತಿದ್ದರು. ಓದುವಾಗ ತುಟಿ ಆಡಿಸುವುದು ನನ್ನ ಗಂಡನ ಅಭ್ಯಾಸ. ಮದುವೆಯಾದ ಹೊಸತರಲ್ಲಿ ಅದನ್ನು ನೋಡಿ ನಗುತ್ತಿದ್ದೆ. ಆಮೇಲೆ ನಾನು ನಗುವುದನ್ನು ಬಿಟ್ಟೆ, ಅವರು ತುಟಿ ಆಡಿಸುವುದನ್ನು ಬಿಡಲಿಲ್ಲ.

ಲಾಯರನ್ನು ಹುಡುಕಿದವರು ಅವರು. ನಾದಿನಿಗೆ ಠಾಣೆಗೆ ಊಟ ಹೊತ್ತವರು ಅವರು. "ಅಂಥ ಗಂಡ ಸಿಗೋಕೆ ಪುಣ್ಯ ಮಾಡಿರಬೇಕು ಕಣೇ," ಎಂದು ಅಮ್ಮ ದಿನಕ್ಕೆರಡು ಸಲ ಫೋನಿನಲ್ಲಿ ಅಳುತ್ತಾಳೆ. ಪುಣ್ಯವೇ ಇರಬೇಕು. ನನ್ನ ತಂಗಿಯನ್ನು ಲಾಕಪ್ಪಿಗೆ ಕಳಿಸಿದ ಇಬ್ಬರು ಸಾಕ್ಷಿಗಳಲ್ಲಿ ಒಬ್ಬರು ಅವರೇ.

ಆ ದಿನ ಸಂಜೆ ನನ್ನನ್ನು ಕರೆದೊಯ್ಯಲು ಬಂದಿದ್ದರು. ಅಮ್ಮನನ್ನು ಕಣ್ಣಿನ ಡಾಕ್ಟರ ಹತ್ತಿರ ತೋರಿಸಬೇಕು, ಬೇಗ ಹೊರಡುತ್ತೇನೆ ಎಂದು ನಾನು ಬೆಳಗ್ಗೆಯೇ ಹೇಳಿದ್ದೆ. ಮರೆತೆ ಎಂದರು. ನಾನು ಹೇಳಿದ ಮಾತು ಅವರಿಗೆ ಮರೆಯುವುದು ಹೊಸತೇನಲ್ಲ. ಸ್ವಾಗತದ ಹುಡುಗಿ ಟೀ ಕುಡಿದು ಮರಳುವಾಗ ಇದೇ ಸೋಫಾದಲ್ಲಿ ಕೂತಿದ್ದರು. ಬಾಗಿಲಾಚೆಯಿಂದ ಮೇಷ್ಟ್ರ ದನಿ ಕೇಳುತ್ತಿತ್ತು. ಸ್ವಾಗತದ ಹುಡುಗಿಯೂ ಕೇಳಿಸಿಕೊಂಡಳು. ಸ್ವಲ್ಪ ಹೊತ್ತು ಕಾದು ನನ್ನ ಗಂಡ ಎದ್ದು ಹೋದರು. ಅಷ್ಟರಲ್ಲಿ ಒಳಗೆ ಪಾಠವೂ ನಿಂತಿತು. ಅವರು ಹೋದ ಮೇಲೆ ಕೋಣೆಯೊಳಗೆ ಹೋದವಳು ನನ್ನ ತಂಗಿಯೊಬ್ಬಳೇ. ಆಮೇಲೆ ಕೇಳಿದ್ದು ಅವಳ ಕಿರುಚಾಟ.

"ಕೇಳಿದ್ದನ್ನ ಕೇಳಿಲ್ಲ ಅನ್ನಲಾ? ಸುಳ್ಳು ಸಾಕ್ಷಿ ಹೇಳು ಅಂತೀಯಾ?" ಎಂದು ನನ್ನ ಗಂಡ ಕೇಳಿದರು. ಸುಳ್ಳಿನ ಜೊತೆ ಜಗಳವಾಡಬಹುದು. ನಿಜದ ಜೊತೆ ಹೇಗೆ ಆಡುವುದು?

"ಮೇಡಂ, ಒಂದ್ನಿಮಿಷ."

ಮೆಟ್ಟಿಲಿಳಿದು ಬಂದದ್ದು ನಮ್ಮ ಮಾಲೀಕರು. ಅವರ ಕೋಣೆ ಮೇಲಿನ ಮಹಡಿಯಲ್ಲಿ. ಪೊಲೀಸರು ಬಂದಾಗಿನಿಂದ ಅಲ್ಲೇ ಕೂತು ಈಗ ಇಳಿದಿದ್ದರು.

"ಹತ್ತನೇ ಪಾಠದ್ದು ಇಂಗ್ಲಿಷ್ ಆಯ್ತಾ?"

ನಾನು ಅವರ ಮುಖ ನೋಡಿದೆ.

"ನನಗೂ ಬೇಜಾರಿದೆ. ಆದ್ರೆ ಗಿರಾಕಿ ಕಾಯಲ್ವಲ್ಲ. ಮೇಷ್ಟ್ರ ದನಿ ಇಲ್ದಿದ್ರೂ ಪಾಠ ನಿಲ್ಲಬಾರದು. ಕಂಪ್ಯೂಟರ್ ಓದುತ್ತೆ. ನಾನು ಮೊದಲೇ ಹೇಳ್ತಾ ಇದ್ದೆ."

ಹೇಳುತ್ತಿದ್ದರು, ನಿಜ. ಸಾಯುವ ಹಿಂದಿನ ವಾರ ಮೇಷ್ಟ್ರಿಗೂ ಇವರಿಗೂ ಅದೇ ವಿಷಯಕ್ಕೆ ಕೂಗಾಟವಾಗಿತ್ತು. ಅದನ್ನು ಇನ್‌ಸ್ಪೆಕ್ಟರಿಗೆ ಹೇಳಿದ್ದೆ. ಮಾಲೀಕರು ಆ ದಿನ ಊಟವಾದ ಮೇಲೆ ಹೊರಗೆ ಹೋದವರು ಮರಳಿ ಬಂದಿರಲಿಲ್ಲ, ಅದಕ್ಕೆ ಹತ್ತು ಜನ ಸಾಕ್ಷಿ ಇದ್ದರು. ಅಲ್ಲಿಗೆ ಆ ದಾರಿಯೂ ಮುಚ್ಚಿತ್ತು.

ನನ್ನ ಕೆಲಸ ಇಷ್ಟೆ. ಇಟಾಲಿಯನ್ ಕಲಿಯುವ ವ್ಯಾಪಾರಸ್ಥರಿಗಾಗಿ ಮಾಡುವ ಪಾಠಗಳಲ್ಲಿನ ವಾಕ್ಯಗಳನ್ನು ಇಂಗ್ಲಿಷಿಗೆ ತರುವುದು. ಒಂಬತ್ತನೆಯದು ಮತ್ತು ಹತ್ತನೆಯದು ಊರುಗಳ ಬಗ್ಗೆ, ವ್ಯಾಪಾರಿಗಳ ಬಗ್ಗೆ. ತೊರಿನೊದ ವ್ಯಾಪಾರಿ ಬೇಗ ಏಳುತ್ತಾನೆ. ಮಿಲಾನಿನ ವ್ಯಾಪಾರಿಗೆ ಜೆನೋವಾದಲ್ಲಿ ಗೆಳೆಯನಿದ್ದಾನೆ. ಈ ಊರಿನಲ್ಲಿ ವ್ಯಾಪಾರಿ ನಿದ್ದೆಯನ್ನೇ ಮಾಡುವುದಿಲ್ಲ. ತಂಗಿ ಲಾಕಪ್ಪಿನ ಸಿಮೆಂಟು ನೆಲದ ಮೇಲೆ ಮಲಗಿದ್ದಾಗ ನಾನು ಮೇಜಿನ ಮುಂದೆ ಕೂತು ಈ ಗಂಡಸರನ್ನೆಲ್ಲ ಒಂದೂರಿನಿಂದ ಇನ್ನೊಂದೂರಿಗೆ ಸಾಗಿಸುತ್ತಿದ್ದೆ. ಒಬ್ಬನ ರೈಲೂ ತಪ್ಪಲಿಲ್ಲ. ಒಬ್ಬನ ಹೆಂಡತಿಯೂ ಕಣ್ಣಿಗೆ ಬೀಳಲಿಲ್ಲ.

ಇಡೀ ಒಂಬತ್ತನೇ ಪಾಠದಲ್ಲಿ ವ್ಯಾಪಾರ ಮಾಡುವ ಹೆಂಗಸು ಬರುವುದು ಒಂದೇ ಒಂದು ವಾಕ್ಯದಲ್ಲಿ. ಅವಳಿಗೆ ಊರಿನ ಎಲ್ಲ ಬೀದಿಗಳೂ ಗೊತ್ತು. ಮಾಲೀಕರು ಅದನ್ನು ತೆಗೆದುಬಿಡಿ ಎಂದಿದ್ದರು. ನಾನು ಹಟ ಹಿಡಿದು ಉಳಿಸಿಕೊಂಡೆ. ಇಂಗ್ಲಿಷನ್ನೂ ಸುಮ್ಮನೆ ಮಾಡದೆ ಬೇಕೆಂದೇ ಉದ್ದ ಮಾಡಿದೆ: ವ್ಯಾಪಾರ ಮಾಡುವ ಆ ಹೆಂಗಸಿಗೆ ಗೊತ್ತಿಲ್ಲದ ಬೀದಿ ಈ ಊರಲ್ಲೇ ಇಲ್ಲ. ಮೇಷ್ಟ್ರು ಓದಿ, "ಇದು ಪಾಠ ಅಲ್ಲಮ್ಮ, ಸವಾಲು," ಎಂದು ನಕ್ಕಿದ್ದರು.

ನನಗೆ ಇಟಾಲಿಯನ್ ಕಲಿಸಿದವರೂ ಅವರೇ. ಸತ್ತ ದಿನ ಬೆಳಗ್ಗೆ ನನ್ನ ಮೇಜಿನ ಹತ್ತಿರ ಬಂದು, "ನಾಳೆ ನಿನ್ನ ಹತ್ರ ಒಂದು ಮಾತಾಡೋದಿದೆ. ಮನೇಲಿ ಹೇಳಬೇಡ," ಎಂದಿದ್ದರು. ಆ ನಾಳೆ ಬರಲೇ ಇಲ್ಲ.

"ಆಯ್ತಾ ಮೇಡಂ?" ಮಾಲೀಕರು ಮತ್ತೆ ಕೇಳಿದರು.

"ನನ್ನ ತಂಗಿ ಮನೆಗೆ ಬಂದ ದಿನ ಆಗುತ್ತೆ," ಎಂದೆ.

ಅವರು ಮುಖ ಗಂಟು ಹಾಕಿಕೊಂಡು ಮೆಟ್ಟಿಲು ಹತ್ತಿದರು.

ಇತ್ತ ಇನ್‌ಸ್ಪೆಕ್ಟರ್ ಸ್ವಾಗತದ ಹುಡುಗಿಯನ್ನು ಕರೆದಿದ್ದರು. ನಾವೆಲ್ಲ ಅವಳನ್ನು ಗುಬ್ಬಿ ಎನ್ನುತ್ತೇವೆ. ಕೆಲಸಕ್ಕೆ ಸೇರಿ ತಿಂಗಳಾಗಿಲ್ಲ. ಒಂದು ಕಡೆ ನಿಲ್ಲುವುದಿಲ್ಲ, ಒಂದು ಮಾತು ಮುಗಿಸುವುದಿಲ್ಲ.

"ಆ ದಿನ ಕೇಳಿದ್ದು ಮೇಷ್ಟ್ರ ದನಿನೇನಾ?"

"ಹೂಂ ಸಾರ್. ಅವರದೇ. ಗೊಗ್ಗರು ದನಿ. ಅವರು ಓದುವಾಗ ನಾನು ಫೋನಲ್ಲೂ ಪಿಸಪಿಸ ಅಂತಲೇ ಮಾತಾಡಬೇಕು. ಬಾಗಿಲ ಮೇಲೆ ಕೆಂಪು ದೀಪ ಇದೆ, ಆದ್ರೆ ಅದು ಸುಟ್ಟು ಹೋಗಿದೆ, ಹೊಸದು ಹಾಕ್ಸಿ ಅಂದ್ರೆ ಮೇಲಿನವರು..."

"ದೀಪ ಬಿಡು. ದನಿ ಎಷ್ಟು ಹೊತ್ತು ಕೇಳಿಸ್ತು?"

"ಸುಮಾರು ಹೊತ್ತು. ಎಷ್ಟು ಹೊತ್ತು ಅಂತ ಹೇಗೆ ಹೇಳಲಿ? ಮೊದಲು ಆ ಭಾಷೇಲಿ ಏನೋ ಒಂದು ಅಂತಾರೆ. ಆಮೇಲೆ ಸುಮ್ನಾಗ್ತಾರೆ. ಮುಗೀತೇನೋ ಅಂತ ನಾನು ಫೋನ್ ಕೈಗೆ ತಗೊಂಡ್ರೆ ಮತ್ತೆ ಇಂಗ್ಲಿಷಲ್ಲಿ ಶುರು. ಮತ್ತೆ ಆ ಭಾಷೆ. ಮತ್ತೆ ಸುಮ್ನೆ. ಮತ್ತೆ ಇಂಗ್ಲಿಷು. ಸಾಕಾಗಿ ಹೋಯ್ತು ಸಾರ್, ಒಂದು ಫೋನೂ ಮಾಡೋಕಾಗಲಿಲ್ಲ."

ಪೇದೆ ನಕ್ಕ. ಇನ್‌ಸ್ಪೆಕ್ಟರ್ "ಸರಿ ಹೋಗು," ಎಂದರು.

ನಾನು ಮಾತ್ರ ಅವಳಿಗೆ ಅಡ್ಡ ಬಂದೆ.

"ಗುಬ್ಬಿ, ನಿಲ್ಲು. ಇನ್ನೊಂದು ಸಲ ಹೇಳು. ಒಂದು ಇಟಾಲಿಯನ್ನು, ಒಂದು ಇಂಗ್ಲಿಷು? ಒಂದಾದ ಮೇಲೆ ಒಂದು?"

"ಹೂಂ ಅಕ್ಕ. ಪಾಠ ಹಾಗೇ ತಾನೆ ಇರೋದು?"

"ಪಾಠ ಹಾಗೇ ಇರೋದು. ಮೇಷ್ಟ್ರು ಹಾಗೆ ಓದೋದಿಲ್ಲ!"

ನನ್ನ ದನಿ ನನಗೇ ಜೋರಾಗಿ ಕೇಳಿತು. ಸೋಫಾದಲ್ಲಿದ್ದ ನನ್ನ ಗಂಡ ಪತ್ರಿಕೆಯಿಂದ ತಲೆಯೆತ್ತಿ, "ಮೆಲ್ಲಗೆ," ಎಂದರು. ಜನರ ಮುಂದೆ ನನಗೆ ಅವರು ಅತಿ ಹೆಚ್ಚು ಹೇಳಿರುವ ಮಾತು ಅದೇ ಇರಬೇಕು.

ಇನ್‌ಸ್ಪೆಕ್ಟರ್ ನಿಟ್ಟುಸಿರು ಬಿಟ್ಟರು. "ಏನು ಮೇಡಂ ಮತ್ತೆ?"

"ಸಾರ್, ಮೇಷ್ಟ್ರದ್ದು ಒಂದು ನಿಯಮ ಇತ್ತು. ಒಂದು ದಿನ, ಒಂದು ನಾಲಿಗೆ. ಇಟಾಲಿಯನ್ ಓದೋ ದಿನ ಬರೀ ಇಟಾಲಿಯನ್. ಪಾಠದ ಅಷ್ಟೂ ವಾಕ್ಯ ಒಂದೇ ಸಮನೆ. ಇಂಗ್ಲಿಷ್ ಬೇರೆ ದಿನ. ನಡುವೆ ಬೆರೆಸಿದ್ರೆ ಎರಡೂ ಕೆಡುತ್ತೆ ಅಂತಿದ್ರು. ಇಟಾಲಿಯನ್ ದಿನ ಯಾರಾದ್ರೂ ಟೀ ಬೇಕಾ ಅಂತ ಇಂಗ್ಲಿಷಲ್ಲಿ ಕೇಳಿದ್ರೂ ರೇಗೋರು."

"ಮತ್ತೆ ಪಾಠದಲ್ಲಿ ಎರಡೂ ಹೇಗೆ ಬರುತ್ತೆ?"

"ನನ್ನ ತಂಗಿ ಹೊಲೀತಾಳೆ. ಅವಳ ಕಂಪ್ಯೂಟರಲ್ಲಿ. ಒಂದು ಇಟಾಲಿಯನ್ ವಾಕ್ಯ, ಆಮೇಲೆ ಸ್ವಲ್ಪ ಖಾಲಿ ಜಾಗ. ಕಲಿಯೋರು ಆ ಖಾಲಿ ಜಾಗದಲ್ಲಿ ತಾವೇ ಇಂಗ್ಲಿಷಲ್ಲಿ ಹೇಳಬೇಕು. ಆಮೇಲೆ ಸರಿ ಉತ್ತರ. ಅದೆಲ್ಲ ಆಮೇಲೆ ಸೇರಿಸೋದು ಸಾರ್. ಈ ಕೋಣೇಲಿ ಜೀವ ಇರೋ ಮನುಷ್ಯ ಕೂತು ಹಾಗೆ ಓದಿದ್ದೇ ಇಲ್ಲ."

"ಅಂದ್ರೆ?"

"ಅಂದ್ರೆ ಗುಬ್ಬಿ ಕೇಳಿದ್ದು ಮುಗಿದ ಪಾಠ. ಯಾರೋ ಹಚ್ಚಿದ್ದು. ಅಷ್ಟು ಹೊತ್ತಿಗೆ ಮೇಷ್ಟ್ರು ಸತ್ತು ಹೋಗಿದ್ರು."

ಬಾಗಿಲ ಬಳಿ ನಿಂತ ತಂಗಿಯ ಮುಖ ನೋಡಿದೆ. ಕುಣಿದಾಡಬೇಕಾಗಿತ್ತು ಅವಳು. ಕೊನೆಗೆ ನಿಟ್ಟುಸಿರಾದರೂ ಬಿಡಬೇಕಾಗಿತ್ತು. ಅವಳು ಗೋಡೆ ಹಿಡಿದುಕೊಂಡಳು.

"ಅಕ್ಕಾ, ಸಾಕು," ಎಂದಳು.

"ಏನು ಸಾಕು? ನಿನ್ನ ಸಲುವಾಗಿ ತಾನೆ ಬಾಯಿ ಬಡ್ಕೊಳ್ತಿರೋದು?"

ಇನ್‌ಸ್ಪೆಕ್ಟರ್ ಟೋಪಿ ತೆಗೆದು ತಲೆ ಕೆರೆದುಕೊಂಡರು. "ಕತೆ ಚೆನ್ನಾಗಿದೆ ಮೇಡಂ. ಆದ್ರೆ ಮುದುಕರು ಒಂದು ದಿನ ನಿಯಮ ಮುರಿದಿರಬಹುದು."

"ಆ ಸ್ಪೀಕರ್ ನೋಡಿ." ಕೋಣೆಯ ಕಪಾಟಿನ ಮೇಲೆ ಅಂಗೈಯಗಲದ ಕಪ್ಪು ಸ್ಪೀಕರಿತ್ತು. "ಗಿರಾಕಿಗಳು ಬಂದಾಗ ಪಾಠ ಕೇಳಿಸೋಕೆ ಇಟ್ಟಿರೋದು. ಫೋನಿಂದ, ತಂತಿ ಇಲ್ದೆ, ಗೋಡೆ ಆಚೆ ನಿಂತೂ ಹಚ್ಚಬಹುದು. ಆ ದಿನ ಅದರ ಹಸಿರು ದೀಪ ಉರೀತಿತ್ತು ಅಂತ ನೀವೇ ನನಗೆ ಹೇಳಿದ್ರಿ."

"ಉರೀತಿತ್ತು. ಅದಕ್ಕೆ?"

"ಮೇಷ್ಟ್ರು ಓದುವಾಗ ಅದು ಉರಿಯೋ ಹಾಗಿಲ್ಲ ಸಾರ್. ಅದರ ಗುಂಯ್‌ಗುಟ್ಟೋ ಸದ್ದು ಮೈಕಿಗೆ ಬರುತ್ತೆ. ಕೂರೋ ಮೊದಲು ಅದನ್ನ ಆರಿಸೋದೇ ಅವರ ಮೊದಲ ಕೆಲಸ."

ಅವರು ಸ್ಪೀಕರನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು. ಮೊದಲ ಸಲ ನನ್ನ ಮಾತಿನ ಮೇಲೆ ಅವರ ಕೈ ಬಿದ್ದಿತ್ತು. ಆದರೆ ಪೊಲೀಸಿನವರು, ಅಷ್ಟು ಸುಲಭವಾಗಿ ಬಿಡುತ್ತಾರೆಯೇ?

"ಸರಿ. ಯಾರೋ ಹಚ್ಚಿದ್ರು ಅಂತಲೇ ಇಟ್ಕೊಳ್ಳಿ. ಮುಗಿದ ಪಾಠ ಇರೋದು ಯಾರ ಹತ್ರ? ನಿಮ್ಮ ತಂಗಿ ಹತ್ರ. ಹೊಲಿದವಳೂ ಅವಳೇ, ಹಚ್ಚಿದವಳೂ ಅವಳೇ. ನೀವೇ ಗಂಟು ಬಿಗಿ ಮಾಡ್ತಿದೀರಿ."

ಹೊರಗೆ ಪತ್ರಿಕೆಯ ಹಾಳೆ ತಿರುವಿದ ಸದ್ದಾಯಿತು.

"ಇಲ್ಲ ಸಾರ್. ಅವಳೇ ಹಚ್ಚೋದಾದ್ರೆ ಬರೀ ಇಟಾಲಿಯನ್ ಇರೋದನ್ನ ಹಚ್ತಿದ್ಲು. ಅವಳ ಹತ್ರ ಅದೂ ಇದೆ. ಇಲ್ಲಿ ಕೆಲಸ ಮಾಡೋ ಯಾರಿಗೂ ಈ ತಪ್ಪು ಆಗೋದಿಲ್ಲ. ಇದು ಪಾಠ ಕೇಳಿ ಗೊತ್ತಿರೋರು, ಪಾಠ ಮಾಡೋದನ್ನ ನೋಡದೇ ಇರೋರು ಮಾಡೋ ತಪ್ಪು. ಊಟ ಬಡಿಸಿಕೊಂಡು ಗೊತ್ತು, ಒಲೆ ಹಚ್ಚಿ ಗೊತ್ತಿಲ್ಲ ಅಂತಾರಲ್ಲ, ಹಾಗೆ. ಇನ್ನೊಂದು. ತಾನು ಒಳಗೆ ಹೋಗೋ ತನಕ ಮೇಷ್ಟ್ರು ಬದುಕಿದ್ರು ಅಂತ ತೋರಿಸಿ ಅವಳಿಗೇನು ಲಾಭ? ತನ್ನ ಕುತ್ತಿಗೆಗೆ ತಾನೇ ಹಗ್ಗ ಹಾಕ್ಕೊಳ್ತಾಳಾ?"

ಪೇದೆ ಬರೆಯುವುದನ್ನು ನಿಲ್ಲಿಸಿದ್ದ. ಇನ್‌ಸ್ಪೆಕ್ಟರ್ ಅವನನ್ನು ನೋಡಿದರು. ಅವನು ಮತ್ತೆ ಬರೆಯತೊಡಗಿದ.

"ಹಾಗಾದ್ರೆ ಮುಗಿದ ಪಾಠ ಇನ್ಯಾರ ಕೈಗೆ ಹೋಗುತ್ತೆ?"

"ಹಸಿ ಕಿವಿಗೆ," ಎಂದೆ.

"ಹಿತ್ತಾಳೆ ಕಿವಿ ಕೇಳಿದೀನಿ. ಇದ್ಯಾವುದು?"

ಅದು ನಮ್ಮ ಕಚೇರಿಯ ಮಾತು. ಖಾಲಿ ಜಾಗ ಎಷ್ಟು ಹೊತ್ತು ಬಿಡಬೇಕೆಂದು ಭಾಷೆ ಬಲ್ಲ ನಮಗೆ ತಿಳಿಯುವುದಿಲ್ಲ. ನಮಗೆ ಉತ್ತರ ತಟ್ಟನೆ ಬರುತ್ತದೆ. ಕಲಿಯುವವನು ತಡಕಾಡಬೇಕು, ನಾಲಿಗೆ ಹೊರಳಿಸಬೇಕು. ಅದಕ್ಕೇ ಪ್ರತಿ ಪಾಠವನ್ನೂ ಹೊರಗೆ ಬಿಡುವ ಮೊದಲು ಇಟಾಲಿಯನ್ನಿಗೆ ಹೊಸಬರಾದ ಒಬ್ಬರಿಗೆ ಕೊಟ್ಟು ಅಭ್ಯಾಸ ಮಾಡಿಸುತ್ತೇವೆ. ಎಲ್ಲಿ ಹೊತ್ತು ಸಾಲದು ಎನ್ನುತ್ತಾರೋ ಅಲ್ಲಿ ತಂಗಿ ಜಾಗ ಹೆಚ್ಚಿಸುತ್ತಾಳೆ. ಬೇಯದ ಕಿವಿ, ಹಸಿ ಕಿವಿ. ಒಮ್ಮೆ ಮಾಲೀಕರ ಅತ್ತೆ ಹಸಿ ಕಿವಿಯಾಗಿದ್ದರು, ಒಮ್ಮೆ ಅವರ ಭಾಮೈದ. ಆರಿಸುವವಳು ತಂಗಿ, ಹೊರಗಿನವರು ಯಾರೆಂದು ನಾನು ಕೇಳಲು ಹೋದವಳಲ್ಲ. ಈ ಸಲವೂ ಮಾಲೀಕರ ಕಡೆಯವರೇ ಯಾರೋ ಇರಬೇಕೆಂದು ನನ್ನ ಮನಸ್ಸು ಆಗಲೇ ಮೇಲಿನ ಮಹಡಿಯ ಕಡೆ ಓಡಿತ್ತು.

"ಈಚೆಗೆ ಮುಗಿದದ್ದು ಒಂಬತ್ತನೇ ಪಾಠ. ಅದನ್ನ ಯಾರಿಗೆ ಕೊಟ್ಟಿದ್ದೆ?" ತಂಗಿಯನ್ನು ಕೇಳಿದೆ.

ಅವಳು ನೆಲ ನೋಡಿದಳು.

"ಹೇಳೇ. ಮಾಲೀಕರ ಭಾಮೈದಂಗಾ?"

"ನೆನಪಿಲ್ಲ."

"ನೆನಪಿಲ್ವಾ? ಉದ್ದ ವಾಕ್ಯಕ್ಕೆ ಹೊತ್ತು ಸಾಲಲ್ಲ ಅಂತ ಹಸಿ ಕಿವಿ ಹೇಳ್ತು, ಜಾಸ್ತಿ ಮಾಡಿದೆ ಅಂತ ನೀನೇ ಹೇಳಿದ್ದೆ. ಹೋದ ವಾರದ ಮಾತು!"

"ಅಕ್ಕ, ನಿನ್ನ ಕಾಲಿಗೆ ಬೀಳ್ತೀನಿ. ಕೇಳಬೇಡ."

"ನೋಡಿ," ಎಂದರು ಇನ್‌ಸ್ಪೆಕ್ಟರ್, ಎರಡೂ ಕೈ ಅಗಲಿಸಿ. "ನಾಲ್ಕು ದಿನದಿಂದ ಹೀಗೇ. ನೀವು ಅವಳ ಪರ ಕೂಗಾಡ್ತೀರಿ, ಅವಳು ತುಟಿ ಹೊಲ್ಕೊಂಡಿದಾಳೆ. ನಾನೇನು ಮಾಡಲಿ?"

ಅವಳ ಕೆನ್ನೆಗೆ ಬಾರಿಸುವಷ್ಟು ಸಿಟ್ಟು ಬಂತು. ಚಿಕ್ಕಂದಿನಿಂದಲೂ ಹೀಗೆಯೇ. ಪಕ್ಕದ ಮನೆಯ ಕಿಟಕಿ ಒಡೆದವಳು ನಾನು, ಬೈಸಿಕೊಂಡವಳು ಅವಳು. ಯಾರನ್ನಾದರೂ ಉಳಿಸಬೇಕೆಂದರೆ ಅವಳಿಗೆ ಬಾಯಿ ಮುಚ್ಚುವುದೊಂದೇ ದಾರಿ. ಈಗ ಯಾರನ್ನು ಉಳಿಸುತ್ತಿದ್ದಾಳೆ? ಮಾಲೀಕರನ್ನೇ? ಅವರಿಗಾಗಿ ಜೈಲಿಗೆ ಹೋಗುವಷ್ಟು ಏನಿದೆ?

"ಪರೀಕ್ಷೆ ಮಾಡಿ ಸಾರ್," ಎಂದೆ. "ಒಳಗೆ ಅವಳು ಎರಡೂ ಹಚ್ಚಲಿ. ಬಾಗಿಲು ಹಾಕಿರಲಿ. ಗುಬ್ಬಿ ಆ ದಿನದ ಹಾಗೆ ತನ್ನ ಮೇಜಿನ ಹತ್ರ ಕೂರಲಿ. ತಾನು ಕೇಳಿದ್ದು ಯಾವುದು ಅಂತ ಅವಳೇ ಹೇಳಲಿ. ಆಮೇಲೆ ನಾನು ಒಂದು ಮಾತೂ ಆಡಲ್ಲ."

"ಮಾತು ಕೊಟ್ರಿ."

"ಕೊಟ್ಟೆ."

"ಅಕ್ಕಾ, ಬೇಡ!" ತಂಗಿ ನನ್ನ ತೋಳು ಹಿಡಿದಳು. ಇನ್‌ಸ್ಪೆಕ್ಟರಿಗೆ ಅದು ತಪ್ಪಿತಸ್ಥಳ ಭಯವಾಗಿ ಕಂಡಿರಬೇಕು, ಕೂಡಲೇ "ಹಚ್ಚು," ಎಂದರು. ನಾನು ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ.

ನಾವು ಹೊರಗೆ ಬಂದೆವು. ಪೇದೆ ಒಳಗೆ ಅವಳ ಜೊತೆ ನಿಂತು ಬಾಗಿಲು ಎಳೆದುಕೊಂಡ. ಉಬ್ಬಿದ ಮರದ ಬಾಗಿಲು ಚೌಕಟ್ಟಿಗೆ ಸರಿಯಾಗಿ ಕೂರುವುದಿಲ್ಲ. ಒಳಗಿನ ಸದ್ದೆಲ್ಲ ಆ ಸಂದಿನಿಂದ ಹೊರಗೆ.

ಗುಬ್ಬಿ ತನ್ನ ಮೇಜಿಗೆ ಹೋಗಿ ಶಾಲೆಯ ಹುಡುಗಿಯ ಹಾಗೆ ಕೈ ಕಟ್ಟಿ ಕೂತಳು. ಇನ್‌ಸ್ಪೆಕ್ಟರ್ ಅವಳ ಎದುರು ನಿಂತರು, ಸೋಫಾಕ್ಕೆ ಬೆನ್ನು ಹಾಕಿ. ನಾನು ಕಿಟಕಿಯ ಬಳಿ ನಿಂತೆ.

"ಇನ್ನೂ ಎಷ್ಟು ಹೊತ್ತು?" ನನ್ನ ಗಂಡ ಮೆಲ್ಲಗೆ ಕೇಳಿದರು. "ಗೋದಾಮಿಗೆ ಕಲ್ಲು ಬಂದಿದೆ. ನಾನು ಹೋಗಬೇಕು."

ಅವರದು ಮಾರ್ಬಲ್ ವ್ಯಾಪಾರ. ಇಟಲಿಯಿಂದ ಕಲ್ಲು ತರಿಸುತ್ತಾರೆ, ಮಾತು ಮಾತ್ರ ತರಿಸಿಲ್ಲ. ಕಲಿಸಲೇ ಎಂದು ಮದುವೆಯಾದ ಮೊದಲ ವರ್ಷ ಕೇಳಿದ್ದೆ. "ಹೆಂಡತಿ ಹತ್ರ ಪಾಠ ಹೇಳಿಸ್ಕೊಂಡು ವ್ಯಾಪಾರ ಮಾಡ್ಬೇಕಾ?" ಎಂದು ಗೆಳೆಯರ ಮುಂದೆ ನಕ್ಕಿದ್ದರು. ಆಮೇಲೆ ನಾನು ಕೇಳಲಿಲ್ಲ. ಇಷ್ಟು ವರ್ಷಗಳಲ್ಲಿ ನನ್ನ ಕೆಲಸದ ಒಂದು ಪದವನ್ನೂ ಅವರು ಬಾಯಿಗೆ ಹಾಕಿಕೊಂಡದ್ದು ನಾನು ನೋಡಿಲ್ಲ. "ನಿನ್ನ ಆ ಭಾಷೆ," ಎನ್ನುತ್ತಾರೆ, ನನ್ನ ಯಾವುದೋ 'ಆ ಕಾಯಿಲೆ' ಎನ್ನುವ ಹಾಗೆ.

"ಸ್ವಲ್ಪ ಹೊತ್ತು ರೀ," ಎಂದೆ.

ಬಾಗಿಲಾಚೆಯಿಂದ ಮೇಷ್ಟ್ರ ದನಿ ಬಂತು. ಇಟಾಲಿಯನ್, ಇಟಾಲಿಯನ್, ಇಟಾಲಿಯನ್. ವ್ಯಾಪಾರಿಗಳು ಸಾಲಾಗಿ ಊರಿಂದೂರಿಗೆ ಹೊರಟರು.

ಗುಬ್ಬಿ ತಲೆಯಾಡಿಸಿದಳು. "ಇದಲ್ಲ ಸಾರ್. ಹೀಗೆ ರೈಲು ಬಿಟ್ಟ ಹಾಗಿರಲಿಲ್ಲ. ನಡುನಡುವೆ ಸುಮ್ನಾಗೋರು."

"ಮುಂದಿನದು!" ಇನ್‌ಸ್ಪೆಕ್ಟರ್ ಕೂಗಿದರು.

ಸ್ವಲ್ಪ ಹೊತ್ತು ಏನೂ ಕೇಳಲಿಲ್ಲ. ಒಳಗೆ ಪೇದೆ ಗದರಿಸಿದ್ದು ಕೇಳಿತು. ಆಮೇಲೆ ಮೇಷ್ಟ್ರು ಮತ್ತೆ ಮಾತಾಡಿದರು.

"ಇಲ್ ಮೆರ್ಕಾಂತೆ ದಿ ತೊರಿನೊ ಸಿ ಆಲ್ತ್ಸಾ ಪ್ರೆಸ್ತೊ."

ಖಾಲಿ ಜಾಗ. ಆಮೇಲೆ ಇಂಗ್ಲಿಷು: ತೊರಿನೊದ ವ್ಯಾಪಾರಿ ಬೇಗ ಏಳುತ್ತಾನೆ.

"ಇದೇ!" ಗುಬ್ಬಿ ಕುರ್ಚಿಯಿಂದ ಚಿಮ್ಮಿದಳು. "ಇದೇ ಸಾರ್, ಹೀಗೇ ಇತ್ತು!"

"ಇನ್ನೂ ಎರಡು ಕೇಳು. ಆತುರ ಬೇಡ."

ಇನ್‌ಸ್ಪೆಕ್ಟರ್ ಅವಳ ಮುಖವನ್ನೇ ನೋಡುತ್ತಿದ್ದರು. ನನಗೆ ಅಳು ಬರುವಂತಾಗಿತ್ತು. ಗೆದ್ದಿದ್ದೆ. ಈ ಸಂಜೆ ತಂಗಿಯನ್ನು ಮನೆಗೆ ಕರೆದೊಯ್ಯಬಹುದು, ಅಮ್ಮನಿಗೆ ಫೋನು ಮಾಡಬಹುದು. ಈ ಸಂತೋಷವನ್ನು ಯಾರಿಗಾದರೂ ತೋರಿಸಬೇಕೆನಿಸಿ, ಹಳೆಯ ಅಭ್ಯಾಸದಂತೆ, ಗಂಡನ ಕಡೆ ತಿರುಗಿದೆ.

ಒಳಗಿನಿಂದ ನನ್ನ ಆ ಒಬ್ಬಳೇ ಹೆಂಗಸಿನ ವಾಕ್ಯ ಬಂತು.

"ಲಾ ದೊನ್ನಾ ದಫ್ಫಾರಿ ಕೊನೊಷೆ ತುತ್ತೆ ಲೆ ಸ್ತ್ರಾದೆ ದೆಲ್ಲಾ ಚಿತ್ತಾ."

ಖಾಲಿ ಜಾಗ.

ಪತ್ರಿಕೆ ಅವರ ತೊಡೆಯ ಮೇಲೆ ಮಗುಚಿ ಬಿದ್ದಿತ್ತು. ಕಣ್ಣು ಎದುರಿನ ಗೋಡೆಯ ಮೇಲೆ, ಮನಸ್ಸು ಬಹುಶಃ ಗೋದಾಮಿನಲ್ಲಿ. ತುಟಿ ಆಡುತ್ತಿತ್ತು.

ಅವರು ಏನನ್ನೂ ಓದುತ್ತಿರಲಿಲ್ಲ.

ದೇರ್ ಈಸ್ ನೋ ಸ್ಟ್ರೀಟ್. ತುಟಿ ಮುಂದೆ ಬಂದು ಹಿಂದೆ ಸರಿಯಿತು. ಇನ್ ದಿಸ್ ಸಿಟಿ. ಸದ್ದಿಲ್ಲ, ಉಸಿರೂ ಇಲ್ಲ. ದ್ಯಾಟ್ ದಿ ಬಿಸಿನೆಸ್‌ವುಮನ್. ನಾನು ಒಂದು ವಾರ ಕೂತು ತಿದ್ದಿದ ಇಂಗ್ಲಿಷು, ಪದಕ್ಕೆ ಪದ, ನನ್ನ ಗಂಡನ ತುಟಿಯ ಮೇಲೆ. ಡಸ್ ನಾಟ್ ನೋ. ತುಟಿ ಮುಚ್ಚಿತು.

ಆಮೇಲೆ ಮೇಷ್ಟ್ರು ಅದನ್ನೇ ಹೇಳಿದರು. ಮೊದಲು ಇವರ ತುಟಿ, ಆಮೇಲೆ ಸತ್ತವರ ದನಿ. ಹೊತ್ತು ಸರಿಯಾಗಿ ಸಾಲುವಂತೆ ನನ್ನ ತಂಗಿ ಜಾಗ ಬಿಟ್ಟಿದ್ದಳು.

ಮನೇಲಿ ಹೇಳಬೇಡ, ಎಂದಿದ್ದರು ಮೇಷ್ಟ್ರು. ಅವರು ಹೇಳಬೇಕೆಂದಿದ್ದದ್ದು ಮನೆಯವರ ಬಗ್ಗೆಯೇ.

"ಇದೇ ಸಾರ್. ದೇವರಾಣೆ ಇದೇ," ಎನ್ನುತ್ತಿದ್ದಳು ಗುಬ್ಬಿ.

ಪಾಠ ನಿಂತಿತು. ಬಾಗಿಲು ತೆರೆಯಿತು. ತಂಗಿ ಹೊಸ್ತಿಲಲ್ಲಿ ನಿಂತು ಮೊದಲು ಸೋಫಾದ ಕಡೆ ನೋಡಿದಳು, ಆಮೇಲೆ ನನ್ನ ಕಡೆ. ನನ್ನ ಮುಖದಲ್ಲಿ ಎಲ್ಲವೂ ಅವಳಿಗೆ ಕಂಡಿರಬೇಕು. ತಲೆಯನ್ನು ಮೆಲ್ಲಗೆ ಅಡ್ಡಡ್ಡ ಆಡಿಸಿದಳು. ಬೇಡ.

ಇನ್‌ಸ್ಪೆಕ್ಟರ್ ನನ್ನತ್ತ ನಡೆದು ಬಂದರು. ಈ ಸಲ "ನಿಮ್ಮ ಯಜಮಾನ್ರು" ಎನ್ನಲಿಲ್ಲ.

"ಮೇಡಂ, ತಪ್ಪಾಯ್ತು. ಮೊದಲೇ ನಿಮ್ಮ ಮಾತು ಕೇಳಬೇಕಾಗಿತ್ತು." ಪೇದೆಯ ಕೈಯಿಂದ ಪೆನ್ನು ಕಿತ್ತುಕೊಂಡರು. "ಆ ಹಸಿ ಕಿವಿ ಯಾರು ಅಂತ ಗೊತ್ತಾದ್ರೆ ನಿಮ್ಮ ತಂಗಿ ಈಗಲೇ ಮನೆಗೆ ಹೋಗಬಹುದು. ಗೊತ್ತಾಗದಿದ್ರೆ ಅವಳನ್ನ ವಾಪಸ್ ಕರ್ಕೊಂಡು ಹೋಗಲೇಬೇಕು. ಅವಳಂತೂ ಹೇಳಲ್ಲ. ನಿಮಗೆ ಗೊತ್ತಾ? ಅನುಮಾನ ಆದ್ರೂ ಇದೆಯಾ? ಹೇಳಿ, ಕೇಳ್ತಿದೀನಿ."

ನಿಜವಾಗಿಯೂ ಕೇಳುತ್ತಿದ್ದರು. ಪೆನ್ನಿನ ತುದಿ ಕಾಗದದ ಮೇಲಿತ್ತು. ಕೇಳಿ, ನನ್ನ ಮಾತು ಕೇಳಿ ಎಂದು ಇಷ್ಟು ದಿನ ಊರೆಲ್ಲ ಕೂಗಿಕೊಂಡು ಬಂದ ನನ್ನ ಬಾಯಿ ಒಣಗಿ ಅಂಟಿಕೊಂಡಿತ್ತು. ಗುಬ್ಬಿ ನೋಡುತ್ತಿದ್ದಳು, ಪೇದೆ ನೋಡುತ್ತಿದ್ದ, ಹೊಸ್ತಿಲಿನಿಂದ ತಂಗಿ ನೋಡುತ್ತಿದ್ದಳು.

ಸೋಫಾದ ಸ್ಪ್ರಿಂಗು ಕಿರುಗುಟ್ಟಿತು. ನನ್ನ ಗಂಡ ಪತ್ರಿಕೆಯನ್ನು ನೀಟಾಗಿ ನಾಲ್ಕಾಗಿ ಮಡಚಿ ಎದ್ದು ನಿಂತರು.

"ಹೇಳೇ, ಸಾಹೇಬ್ರು ಕೇಳ್ತಿದಾರಲ್ಲ," ಎಂದರು ಮೆಲ್ಲಗೆ. "ಎಷ್ಟು ಹೊತ್ತು ಬೇಕು ನಿನಗೆ?"